ದ್ಯಾವಯ್ಯನ ಹಗ್ಗ

ನನ್ನ ತಮ್ಮ ದ್ಯಾವಯ್ಯನಿಗೆ ಬುದ್ಧಿ ಕಲಿಸಬೇಕೆಂದೇ ನಾನು ಆ ಹಸುವನ್ನು ತರಲು ಹೊರಟಿದ್ದು. ಅದರಲ್ಲಿ ಮುಚ್ಚಿಡುವುದು ಏನೂ ಇಲ್ಲ. ತೊಂಬತ್ತೆಂಟನೇ ಇಸವಿ, ಶ್ರಾವಣ ಮುಗಿಯುತ್ತಾ ಬಂದಿತ್ತು. ಹಸು ನನ್ನದು. ಅದು ಇನ್ನೂ ಎಳೆಗರುವಾಗಿದ್ದಾಗ, ಮೂರು ವರ್ಷದ ಹಿಂದೆ, ಮಲ್ಲಿಪಟ್ಟಣದ ಆಚೆ ತೋಟದ ಮನೆಯಲ್ಲಿರುವ ಅವನಿಗೆ ಪಾಲಿಗೆ ಬಿಟ್ಟಿದ್ದೆ. ಪಾಲಿಗೆ ಅಂದರೆ ನಮ್ಮಲ್ಲಿ ಮಾತು ಇಷ್ಟೇ: ಅವನು ಸಾಕಬೇಕು. ಮೊದಲ ಕರು ಅವನ ಕೊಟ್ಟಿಗೆಯಲ್ಲಿ ಬಿದ್ದರೆ ಕರು ಅವನದು. ಆಮೇಲೆ ಹಸು ನನ್ನ ಮನೆಗೆ ವಾಪಸ್.

ಆ ಕರು ಅವನ ಕೊಟ್ಟಿಗೆಯಲ್ಲಿ ಬೀಳಕೂಡದು ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಯಾಕೆ ಅಂತ ಕೇಳಿ. ಎರಡು ವರ್ಷದ ಹಿಂದೆ ನನ್ನ ಮಗಳು ನಾಗಲಕ್ಷ್ಮಿಯ ಮದುವೆಯಲ್ಲಿ ಹುಡುಗಿಯ ಕೈಹಿಡಿದು ಹಸೆಮಣೆಗೆ ಕರೆತರಬೇಕಾದ ಸೋದರಮಾವ ಬಂದದ್ದು ಧಾರೆ ಮುಗಿದ ಮೇಲೆ, ಊಟದ ಎರಡನೇ ಪಂಕ್ತಿಗೆ. ಪಕ್ಕದ ಮನೆಯವನ ಕೈಯಲ್ಲಿ ಶಾಸ್ತ್ರ ಮಾಡಿಸಿದೆ. ನೆಂಟರ ಮುಂದೆ ನನ್ನ ಮುಖ ಎಲ್ಲಿಡಲಿ? ಕೇಳಿದರೆ, "ನಿನ್ನ ಕಡಸು ಹೊಟ್ಟೆ ಉಬ್ಬರಿಸ್ಕಂಡು ಬಿದ್ದಿತ್ತು ಕಣಕ್ಕ, ಬುಟ್ಟು ಬರಾಕಾಗ್ನಿಲ್ಲ" ಅಂದ. ಸುಳ್ಳು ಹೇಳುವುದಕ್ಕೂ ನನ್ನ ದನವೇ ಬೇಕಾಗಿತ್ತೇ ಇವನಿಗೆ! ಅವತ್ತಿನಿಂದ ನಮ್ಮಿಬ್ಬರಿಗೆ ಸರಿಯಾಗಿ ಮಾತಿಲ್ಲ. ಆದರೂ ಗೌರಿ ಹಬ್ಬಕ್ಕೆ ತವರಿನ ಬಾಗಿನ ಮಾತ್ರ ತಪ್ಪದೆ ತಂದು, ಜಗಲಿಯ ಮೇಲಿಟ್ಟು, ನೀರೂ ಕುಡಿಯದೆ ಹೋಗುತ್ತಿದ್ದ.

ಹಸುವಿಗೆ ದಿನ ತುಂಬಿದೆ ಎಂದು ಚನ್ನರಾಯಪಟ್ಟಣದ ಸಂತೆಯಲ್ಲಿ ಯಾರೋ ಹೇಳಿದರು. ಮಾರನೆಯ ಬೆಳಿಗ್ಗೆಯೇ ನಮ್ಮೂರಿನ ದೇವರಾಜುವಿನ ಟೆಂಪೋ ಮಾಡಿಸಿದೆ. ನನ್ನ ಗಂಡ ಮಂಚಯ್ಯ, "ಕರ ಹಾಕ್ಲಿ ಬುಡೇ. ಆಮೇಕೆ ತಂದ್ರಾಯ್ತು" ಅಂದರು.

"ನೀವು ಸುಮ್ಕಿರಿ" ಅಂದೆ.

ಆ ಟೆಂಪೋ ಎಂಥದ್ದು ಅಂತೀರಿ! ಹಿಂದಿನ ಬಾಗಿಲಿನ ಚಿಲಕ ಎಂದೋ ಮುರಿದಿತ್ತು. ದೇವರಾಜು ಅದನ್ನು ನೈಲಾನ್ ಹಗ್ಗದಲ್ಲಿ ಬಿಗಿದಿದ್ದ. ಹೊಳೆನರಸೀಪುರದ ಸೇತುವೆ ದಾಟುವಾಗ ಇಂಜಿನ್ ಕುದಿಯಿತು. ಅವನು ಬೀಡಿ ಹಚ್ಚಿಕೊಂಡು ನಿಂತ, ನಾನು ಹೊಳೆಗಿಳಿದು ಕ್ಯಾನಿನಲ್ಲಿ ನೀರು ಹೊತ್ತೆ. ಅರಕಲಗೂಡಿನಲ್ಲಿ ಹೊಸ ಹಗ್ಗ ಕೊಂಡು ಟೀ ಅಂಗಡಿಯ ಬೆಂಚಿನ ಮೇಲಿಟ್ಟೆ. "ಇನ್ನೊಂದು ಟೀ ಕುಡೀತೀನಿ" ಎಂದು ಇವನು ಹಟ ಹಿಡಿದ. "ನೀನೇನು ದಿಬ್ಬಣಕ್ಕೆ ಬಂದಿದೀಯೇನ್ಲಾ?" ಎಂದು ನಾನು ಜಗಳ ತೆಗೆದು, ಅದೇ ಕೋಪದಲ್ಲಿ ಬಂದು ಗಾಡಿ ಹತ್ತಿದೆ. ಹಗ್ಗ ಬೆಂಚಿನ ಮೇಲೆಯೇ ಉಳಿಯಿತು. ಅದು ಗೊತ್ತಾಗಿದ್ದು ತಮ್ಮನ ಅಂಗಳದಲ್ಲಿ.

ದ್ಯಾವಯ್ಯ ಹಸುವಿನ ಮೈ ತಿಕ್ಕುತ್ತಿದ್ದ. ನನ್ನನ್ನೂ ಗಾಡಿಯನ್ನೂ ನೋಡಿದ. ಅವನಿಗೆ ಅರ್ಥವಾಯಿತು.

"ಇವತ್ತೋ ನಾಳೆಯೋ ಅಂತದೆ ಅಕ್ಕ. ಕೆಚ್ಚಲು ನೋಡು. ಈಗ ಗಾಡಿ ಹತ್ತಿಸ್ಬ್ಯಾಡ."

"ನನ್ನ ಹಸ. ಇವತ್ತೇ ಬೇಕು."

ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮ ಸೆಗಣಿ ಕೈಯಲ್ಲೇ ಹೊರಗೆ ಬಂದಳು. "ಮೂರು ವರ್ಸ ಹುಲ್ಲು ಹಾಕ್ದೋರು ನಾವು. ಕರ ಬೀಳೋ ಹೊತ್ಗೆ ಬಂದು ಎಳ್ಕಂಡು ಓಯ್ತೀಯಲ್ಲ, ಅನ್ನ ತಿನ್ನೋರು ಮಾಡೋ ಕೆಲ್ಸವಾ ಇದು?"

"ನಿನ್ನ ಗಂಡ ಮಾಡಿದ್ದು ಅನ್ನ ತಿನ್ನೋರ ಕೆಲ್ಸವಾ?" ಅಂದೆ.

"ಬುಡು" ಎಂದು ಅವನು ಹೆಂಡತಿಯನ್ನು ಗದರಿದ. ಗೂಟದಿಂದ ಹಸು ಬಿಚ್ಚಿದ. ಅದರ ಕೊರಳಿನ ಹಗ್ಗ ಕಳಚಿ ಸೊಂಟಕ್ಕೆ ಸುತ್ತಿಕೊಂಡ. ದನ ಹೋದರೂ ಹಗ್ಗ ಹೋಗಬಾರದು, ಹಗ್ಗದ ಜೊತೆಗೆ ಕೊಟ್ಟಿಗೆಯ ಸಿರಿಯೂ ಹೋಗುತ್ತದೆ ಎನ್ನುವವರು ನಾವು. ಕರೆದೊಯ್ಯುವವರೇ ಹೊಸ ಹಗ್ಗ ತರಬೇಕು. "ನಿನ್ನ ಹಗ್ಗ ಕೊಡು" ಎಂದು ಕೈ ನೀಡಿದ.

ನನ್ನ ಹತ್ತಿರ ಎಲ್ಲಿತ್ತು? ಚಿಕ್ಕಲಕ್ಷ್ಮಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಆ ನಗು ನನ್ನ ಮೈಗೆ ಬೆಂಕಿ ಹಚ್ಚಿತು. ಮಲ್ಲಿಪಟ್ಟಣದ ಅಂಗಡಿ ಎರಡು ಮೈಲಿ. ಅಷ್ಟು ಹೊತ್ತು ಇವಳ ಮುಂದೆ ಕೂರುವವಳಲ್ಲ ನಾನು.

"ದೇವರಾಜು, ಆ ಬಾಗಿಲ ಹಗ್ಗ ಬಿಚ್ಚಿ ಕೊಡ್ಲಾ."

"ಬಾಗ್ಲು ನಿಲ್ಲಲ್ಲ ಕಣಕ್ಕೋ."

"ತಂತಿ ಸುತ್ತು. ಬಿಚ್ಚು ಅಂದ್ರೆ ಬಿಚ್ಚು."

ಹಸು ನನ್ನ ಕೈಗೆ ಬಗ್ಗಲಿಲ್ಲ. ನಾಲ್ಕು ಕಾಲೂರಿ ನಿಂತುಬಿಟ್ಟಿತು. ದ್ಯಾವಯ್ಯ ಹತ್ತಿರ ಬಂದು ಬಾಯಲ್ಲಿ ಏನೋ ಸದ್ದು ಮಾಡಿದ, ಸೀದಾ ಹತ್ತಿತು. ಅವನೂ ಹಿಂದೆ ಹತ್ತಿ ಅದರ ಪಕ್ಕದಲ್ಲಿ ನಿಂತ. ಬಾ ಅಂತ ನಾನು ಕರೆಯಲಿಲ್ಲ, ಬೇಡ ಅಂತಲೂ ಹೇಳಲಿಲ್ಲ.

ಅರಕಲಗೂಡು ದಾಟಿ ನಾಲ್ಕು ಮೈಲಿ ಬಂದಿರಬಹುದು. ಹಳ್ಳಕ್ಕೆ ಚಕ್ರ ಇಳಿಯಿತು. ತಂತಿ ಪಟ್ಟೆಂದು ಹರಿದು ಬಾಗಿಲು ಕೆಳಗೆ ಬಿತ್ತು. ಹಸು ಹಿಂಗಾಲು ಜಾರಿ, ದ್ಯಾವಯ್ಯನನ್ನೂ ಎಳೆದುಕೊಂಡು ರಸ್ತೆಗೆ ಬಿತ್ತು. ನಾನು ಇಳಿದು ಓಡಿಬರುವಷ್ಟರಲ್ಲಿ ಎದ್ದು, ಪಕ್ಕದ ಆಲೂಗಡ್ಡೆ ಹೊಲ ತುಳಿದುಕೊಂಡು ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ನೆರಳಿಗೆ ಹೋಗಿ ಮಲಗಿತ್ತು. ಹೊಲದವನು ನಮ್ಮ ಮೂರು ತಲೆಮಾರನ್ನೂ ಬೈಯುತ್ತಾ ಬಂದ. ಹಸುವಿನ ಹಿಂದೆ ನೀರಿನ ಚೀಲ ಕಂಡ ಮೇಲೆ ಬಾಯಿ ಮುಚ್ಚಿಕೊಂಡು ಒಂದು ಬಕೆಟ್ ನೀರು, ಸೋಪು ತಂದಿಟ್ಟ.

ಒಂದು ಕಾಲು ಮಾತ್ರ ಹೊರಗೆ ಬಂದಿತ್ತು. ಇನ್ನೊಂದು ಒಳಗೆ ಮಡಚಿಕೊಂಡಿತ್ತು. ಹಸು ತಿಣುಕುತ್ತಿತ್ತು, ಅದರ ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತಿತ್ತು. ದ್ಯಾವಯ್ಯನ ಮೊಣಕೈ ಕಿತ್ತು ರಕ್ತ ಸುರಿಯುತ್ತಿತ್ತು. ಆ ಕೈ ಬಿಟ್ಟು, ಇನ್ನೊಂದಕ್ಕೆ ಸೋಪು ಹಚ್ಚಿ ತೋಳಿನವರೆಗೆ ಒಳಗೆ ಹಾಕಿದ. ಕರುವನ್ನು ಹಿಂದಕ್ಕೆ ತಳ್ಳಿ, ಮಡಚಿದ ಕಾಲನ್ನು ಬಿಡಿಸಿ ತಂದ. ಎಷ್ಟು ಹೊತ್ತು ಹಿಡಿಯಿತೋ. ಅಷ್ಟೂ ಹೊತ್ತು ಆ ಹಸುವಿನ ಜೊತೆ ಮಾತಾಡಿದ. ನನ್ನ ಜೊತೆ ಒಂದು ಮಾತಿಲ್ಲ.

ಕಾಲುಗಳು ಕೈಯಿಂದ ಜಾರುತ್ತಿದ್ದವು. ಸೊಂಟದ ಹಗ್ಗ ಬಿಚ್ಚಿ, ಕರುವಿನ ಎರಡು ಕಾಲಿಗೂ ಬಿಗಿದ. ಅವನೂ ದೇವರಾಜುವೂ ಹಸು ತಿಣುಕಿದಾಗಲೆಲ್ಲ ಎಳೆದರು. ಕರು ಬಿತ್ತು. ದ್ಯಾವಯ್ಯ ಅದರ ಮೂಗಿನ ಲೋಳೆ ತೆಗೆದು ಊದಿದ. ಅದು ಸೀನಿತು. ಹೆಣ್ಣುಗರು.

ದೇವರಾಜು ಬೆವರು ಒರೆಸಿಕೊಂಡು, "ನನ್ ಗಾಡೀಲೇ ಬಿದ್ದಿದ್ರೆ ಕರ ನಂದಾಗೋದು" ಎಂದು ನಕ್ಕ.

ದ್ಯಾವಯ್ಯನೂ ನಗಲು ಬಾಯಿ ತೆರೆದ. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದ. ಆಗ ನಾನು ಆಡಿದ ಮಾತನ್ನು ಇವತ್ತಿಗೂ ನನ್ನ ಬಾಯಿಂದ ಕಿತ್ತು ಎಸೆಯಬೇಕು ಅನ್ನಿಸುತ್ತದೆ.

"ನಿನ್ನ ಕೊಟ್ಟಿಗೇಲಿ ಬಿದ್ದಿಲ್ಲ. ತಿಳೀತಾ?" ಅಂದೆ.

ಅವನು ಕರುವಿನ ಕಾಲಿನಿಂದ ಹಗ್ಗ ಬಿಚ್ಚಿ, ಬಕೆಟ್ಟಿನಲ್ಲಿ ತೊಳೆದು, ಹಿಂಡಿ, ಹಸುವಿನ ಕೊರಳಿಗೆ ಕಟ್ಟಿದ. ನೈಲಾನ್ ಹಗ್ಗ ದೇವರಾಜುವಿನ ಕೈಗೆ ಕೊಟ್ಟ.

"ಬಾಗ್ಲು ಸರಿಯಾಗಿ ಕಟ್ಟು. ಬಾಣಂತಿ ಹಸ."

"ಲೇ, ಹಗ್ಗ ಯಾಕ್ಲಾ?" ಅಂದೆ.

"ಹಸನೂ ನಿಂದೇ, ಕರನೂ ನಿಂದೇ. ಹಗ್ಗ ಮಡಿಕ್ಕಂಡು ನಾನೇನು ಮಾಡ್ಲಿ? ತಗಂಡೋಗು."

ರಕ್ತದ ಮೊಣಕೈಗೆ ಟವಲು ಸುತ್ತಿಕೊಂಡು ಅರಕಲಗೂಡಿನ ಕಡೆಗೆ ನಡೆದುಕೊಂಡೇ ಹೋದ. ನಾನು ಕೂಗಲಿಲ್ಲ. ಕೂಗಿದ್ದರೆ ನಿಲ್ಲುತ್ತಿದ್ದನೋ ಏನೋ.

ಗೆದ್ದೆ. ಹಸು ಎರಡು ಹೊತ್ತೂ ಡೇರಿಗೆ ಹಾಲು ಹಾಕಿತು. ಕರು ಗುಂಡಗೆ ಬೆಳೆಯಿತು. ಆ ವರ್ಷ ಗೌರಿ ಹಬ್ಬಕ್ಕೆ ಬೆಳಿಗ್ಗೆಯಿಂದ ಜಗಲಿ ಸಾರಿಸಿದ್ದೇ ಸಾರಿಸಿದ್ದು. ಯಾರೂ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಬೀದಿಯ ಹೆಂಗಸರು, "ಸಣ್ಣಕ್ಕ, ತವರಿಂದ ಬಾಗಿನ ಬಂತಾ?" ಅಂದರೆ ಬಂತು ಅನ್ನುತ್ತಿದ್ದೆ. ದ್ಯಾವಯ್ಯನ ಹಗ್ಗವನ್ನು ಹಸುವಿಗೆ ಕಟ್ಟಲು ಮನಸ್ಸಾಗದೆ ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿದ್ದೆ.

ಕೊನೆಗೆ ತಡೆಯಲಾಗಲಿಲ್ಲ. ಕರು ಆಗ ಕಡಸಾಗಿತ್ತು. ದೇವರಾಜುವಿನ ಟೆಂಪೋದಲ್ಲಿ ಹತ್ತಿಸಿಕೊಂಡು ತಮ್ಮನ ಅಂಗಳಕ್ಕೆ ಹೋಗಿ ಇಳಿಸಿದೆ. ಅವನ ಹಗ್ಗ ಮಾತ್ರ ಗೂಡಿನಲ್ಲೇ ಉಳಿದಿತ್ತು. ಚಿಕ್ಕಲಕ್ಷ್ಮಮ್ಮ ನೀರು ತಂದು ಜಗಲಿಯ ಮೇಲಿಟ್ಟು ಒಳಗೆ ಹೋದಳು. ದ್ಯಾವಯ್ಯ ಬಾಗಿಲಲ್ಲೇ ನಿಂತ.

"ಇದು ನಿನ್ನ ಕರ ಕಣೋ. ಪಾಲಿನದು. ಕಟ್ಕ" ಅಂದೆ.

ನಾನು ಕರುವಿನ ಕೊರಳಿನಿಂದ ನನ್ನ ಹಗ್ಗ ಕಳಚಿದೆ. ಪದ್ಧತಿಯ ಪ್ರಕಾರ ಈಗ ಅವನು ತನ್ನದನ್ನು ತರಬೇಕು. ಕರು ಹಾಗೇ ಬರಿಗೊರಳಲ್ಲಿ ನಿಂತಿತ್ತು. ಅವನು ಮುಂದೆ ಬಂದು ಅದರ ಹಣೆ ನೇವರಿಸಿದ. ಕಿವಿ ಹಿಡಿದು ನೋಡಿದ.

"ಚೆನ್ನಾಗಿ ಸಾಕಿದೀಯ" ಅಂದ. ಆಮೇಲೆ ಕೈ ತೆಗೆದ. "ಇದನ್ನ ಕಟ್ಟಾಕೆ ನಮ್ಮನೇಲಿ ಹಗ್ಗ ಇಲ್ಲ ಕಣಕ್ಕ. ಕೊಟ್ಬುಟ್ಟಿದೀನಲ್ಲ."

ಬಾಗಿಲು ಹಾಕಿಕೊಂಡ. ನಾನೂ ದೇವರಾಜುವೂ ಕರುವನ್ನು ಮತ್ತೆ ಟೆಂಪೋ ಹತ್ತಿಸಿದೆವು.