ಇನ್ನೂರು ಅಡಿಯ ಮಾತು

ಅಪ್ಪ ತೀರಿಕೊಂಡು ತಿಂಗಳಾದ ಮೇಲೆ ವಿಮಾನ ತರಬೇತಿ ಶಾಲೆಯವರು ಅವರ ನೆನಪಿಗೆ ಒಂದು ಸಭೆ ಇಟ್ಟುಕೊಂಡರು. ಮೂವತ್ತೆರಡು ವರ್ಷ ವಿಮಾನ ಹಾರಿಸಿದ ಅಪ್ಪ, ನಿವೃತ್ತಿಯಾದ ಮೇಲೆ ಆರು ವರ್ಷ ಅಲ್ಲಿ ಪಾಠ ಹೇಳಿದ್ದರು. ಮನೆಯವರ ಪರವಾಗಿ ನಾನು ನಾಲ್ಕು ಮಾತಾಡಬೇಕೆಂದು ಕೇಳಿದರು. ನಾನು ಸಮವಸ್ತ್ರ ಹೊಲಿದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟವಳು. ಶಾಲೆ ಮಕ್ಕಳು, ನರ್ಸುಗಳು, ಕಾವಲುಗಾರರು, ಎಲ್ಲರ ಹತ್ತಿರವೂ ಮಾತಾಡಿ ನಾಲಿಗೆ ಪಳಗಿದೆ. ಹೆದರಿಕೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಏನು ಹೇಳ್ತೀಯ?" ಕಾರಿನಲ್ಲಿ ಅಮ್ಮ ಕೇಳಿದಳು.

"ಮಂಜಿನ ಕಥೆ."

ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಇಸ್ತ್ರಿದು ಹೇಳು. ನಿನ್ನ ಅಂಗಡಿಗೂ ಒಂದು ಪ್ರಚಾರ ಆಗುತ್ತೆ."

"ಪೈಲಟ್‌ಗಳ ಸಭೇಲಿ ಇಸ್ತ್ರಿಪೆಟ್ಟಿಗೆ ಕಥೆ ಹೇಳ್ಲಾ ಅಮ್ಮಾ?"

"ನಿಮ್ಮಪ್ಪಂಗೆ ಆ ಮಂಜಿನ ಕಥೆ ಹಿಡಿಸ್ತಿರ್ಲಿಲ್ಲ."

"ಅಪ್ಪಂಗೆ ಯಾರು ಹೊಗಳಿದ್ರೂ ಹಿಡಿಸ್ತಿರ್ಲಿಲ್ಲ."

ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಆ ಕಥೆ ಸುಳ್ಳೆಂದು.

ನಾನು ಏಳನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಹೊಲಿಗೆಗೆ ಮೊದಲ ಬಹುಮಾನ ಬಂದಿತ್ತು. ಬೆಳಗಿನ ವಿಮಾನ ಇಳಿಸಿ ಸೀದಾ ಶಾಲೆಗೆ ಬರುತ್ತೇನೆಂದು ಅಪ್ಪ ಹೇಳಿದ್ದರು. ಭುಜದ ಮೇಲೆ ನಾಲ್ಕು ಪಟ್ಟಿಯಿರುವ ಅಂಗಿಯಲ್ಲೇ ಬರುತ್ತಾರೆಂದು ಇಡೀ ತರಗತಿಗೆ ಡಂಗುರ ಹೊಡೆದು, ಮೂರನೇ ಸಾಲಿನ ಕುರ್ಚಿಯೊಂದರ ಮೇಲೆ ನನ್ನ ಚೀಲ ಇಟ್ಟು ಜಾಗ ಹಿಡಿದಿದ್ದೆ. ಆವತ್ತು ಎದುರಿನ ಗೋಡೆಯೂ ಕಾಣದಷ್ಟು ಮಂಜು. ಶಾಲೆ ವಿಮಾನ ನಿಲ್ದಾಣದ ಪಕ್ಕದಲ್ಲೇ ಇತ್ತು. ತಲೆಯ ಮೇಲೆ ಸದ್ದು ಬಂತು, ತಗ್ಗಿತು, ಮತ್ತೆ ಜೋರಾಗಿ ಮೇಲಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ ಹಾಗೆಯೇ ಆಯಿತು. ಆಮೇಲೆ ದೂರ ಹೋಗಿಬಿಟ್ಟಿತು.

"ವಾಪಸ್ ಹೋಯ್ತಲ್ಲೇ," ಎಂದಳು ನಮ್ಮ ತರಗತಿಯ ಡಾಕ್ಟರ ಮಗಳು. "ನಿಮ್ಮಪ್ಪಂಗೆ ಹಾರಿಸೋಕೆ ಮಾತ್ರ ಬರುತ್ತೇನೋ. ಇಳಿಸೋಕೆ ಬೇರೆಯವರು ಬೇಕೇನೋ."

ಎಲ್ಲರೂ ನಕ್ಕರು. ನನ್ನ ಹೆಸರು ಕರೆದಾಗ ಕುರ್ಚಿಯ ಮೇಲೆ ಚೀಲವೇ ಕೂತಿತ್ತು. ಅಪ್ಪ ಬೇರೆ ಊರಲ್ಲಿ ಇಳಿದು, ಪ್ರಯಾಣಿಕರ ಜೊತೆ ಬಸ್ಸಿನಲ್ಲಿ ಬಂದು ಮನೆ ಸೇರುವಾಗ ನಾನು ಮುಸುಕು ಹಾಕಿ ಮಲಗಿದ್ದೆ. ಎಚ್ಚರವಿದ್ದೂ ನಿದ್ದೆ ಹೋದವಳಂತೆ.

ಮಾರನೇ ದಿನ ತರಗತಿಯಲ್ಲಿ ಹೇಳಿದೆ: ಮೂರನೇ ಸಲ ಅಪ್ಪ ಇಳಿಸಿಯೇ ಬಿಟ್ಟರು, ಏನೂ ಕಾಣುತ್ತಿರಲಿಲ್ಲ, ಬರೀ ಅಂದಾಜಿನ ಮೇಲೆ, ಚಕ್ರ ರನ್‌ವೇ ಅಂಚಿನಿಂದ ಒಂದು ಗೇಣು ದೂರ, ಜನ ಅವರನ್ನು ಹೆಗಲ ಮೇಲೆ ಹೊತ್ತು ಬಿಡಲೇ ಇಲ್ಲ, ಅದಕ್ಕೇ ಬರಲಾಗಲಿಲ್ಲ. ಡಾಕ್ಟರ ಮಗಳು ಬಾಯಿ ಮುಚ್ಚಿದಳು. ಅದರ ರುಚಿ ನನಗೆ ಹತ್ತಿತು. ಕಾಲೇಜಿನಲ್ಲಿ ಆ ಕಥೆಗೆ ಬಿರುಗಾಳಿ ಸೇರಿತು, ಮದುವೆಯಾದ ಮೇಲೆ ಅತ್ತೆಮನೆಯಲ್ಲಿ ಒಂದು ಎಂಜಿನ್ನೂ ಕೆಟ್ಟಿತು.

ಅಪ್ಪ ಅದನ್ನು ಕೇಳಿಸಿಕೊಂಡಿದ್ದು ಒಂದೇ ಸಲ, ನನ್ನ ಅಂಗಡಿ ತೆರೆದ ದಿನ. ಗಿರಾಕಿಗಳೆಲ್ಲ ಹೋದ ಮೇಲೆ, ಮೇಜಿನ ಮೇಲಿದ್ದ ಸೀಮೆಸುಣ್ಣದ ಪುಡಿಯನ್ನು ಬೆರಳಲ್ಲಿ ಒರೆಸುತ್ತಾ, "ಅದನ್ನ ಹೇಳಬೇಡ ಪುಟ್ಟಿ," ಎಂದರು.

"ಯಾಕಪ್ಪಾ, ನಾಚಿಕೇನಾ?"

"ಹೂಂ, ನಾಚಿಕೆನೇ," ಎಂದು ಅಷ್ಟಕ್ಕೇ ಬಿಟ್ಟರು. ದೊಡ್ಡವರ ವಿನಯ ಎಂದುಕೊಂಡು ನಾನು ನಕ್ಕಿದ್ದೆ.

ಸಭೆ ನಡೆದದ್ದು ಅವರು ಪಾಠ ಹೇಳುತ್ತಿದ್ದ ಕೋಣೆಯಲ್ಲೇ. ಮುಂದೆ ಒಂದು ಮೇಜು, ಅದರ ಮೇಲೆ ಅಪ್ಪನ ಫೋಟೋ, ಟೋಪಿ, ಒಂದರ ಮೇಲೊಂದು ಜೋಡಿಸಿದ ಹಾರಾಟದ ದಾಖಲೆ ಪುಸ್ತಕಗಳು. ಮೊದಲ ಸಾಲಿನಲ್ಲಿ ಅಮ್ಮ, ಅವಳ ಪಕ್ಕದಲ್ಲಿ ಅಪ್ಪನ ಕಾಲದ ಏಳೆಂಟು ಮಂದಿ ಪೈಲಟ್‌ಗಳು. ಅವರಲ್ಲಿ ಉದ್ದ ಮಾಮನೂ ಇದ್ದರು. ಬಾಗಿಲು ಬಗ್ಗಿ ದಾಟುವಷ್ಟು ಎತ್ತರ ಇದ್ದದ್ದಕ್ಕೆ ನಾನು ಚಿಕ್ಕವಳಿದ್ದಾಗ ಇಟ್ಟ ಹೆಸರು ಅದು. ಹಿಂದಿನ ಸಾಲುಗಳಲ್ಲಿ ಕಲಿಯುವ ಹುಡುಗ ಹುಡುಗಿಯರು ಮೂವತ್ತು ಜನ. ಅಂಗಿಗಳು ಹೊಸವು. ಅರ್ಧದಷ್ಟು ಜನರ ಭುಜದ ಪಟ್ಟಿ ಸರಿಯಾಗಿ ಕೂತಿರಲಿಲ್ಲ. ನನ್ನ ಕಣ್ಣು ಅಲ್ಲಿಗೇ ಹೋಗುವುದು.

ನಾನು ಕಥೆ ಹೇಳಿದೆ. ಎಂಜಿನ್, ಬಿರುಗಾಳಿ ಬಿಟ್ಟೆ. ಮಂಜು, ಅಂದಾಜು, ಒಂದು ಗೇಣು ಇವಷ್ಟನ್ನು ಇಟ್ಟುಕೊಂಡೆ. "ಇಳಿದೇ ಇಳೀತೀನಿ ಅಂತ ಹೊರಟರೆ ನಮ್ಮಪ್ಪನಿಗೆ ಯಾವ ಮಂಜೂ ಅಡ್ಡ ಬರಲಿಲ್ಲ," ಎಂದು ಮುಗಿಸಿದೆ. ಹಿಂದಿನ ಸಾಲುಗಳು ಚಪ್ಪಾಳೆಯಿಂದ ತುಂಬಿಹೋದವು. ಮುಂದಿನ ಸಾಲಿನಲ್ಲಿ ಒಂದು ಕೈಯೂ ಅಲುಗಲಿಲ್ಲ. ಉದ್ದ ಮಾಮ ತಮ್ಮ ಷೂ ನೋಡಿಕೊಳ್ಳುತ್ತಿದ್ದರು. ಅಳು ತಡೆದುಕೊಂಡಿದ್ದಾರೆ ಎಂದುಕೊಂಡೆ.

ಚಹಾಕ್ಕೆ ಬಿಟ್ಟರು. ತಲೆಗೂದಲನ್ನು ಗಂಟು ಹಾಕಿಕೊಂಡಿದ್ದ ಒಬ್ಬ ಹುಡುಗಿ ಕಾಗದದ ಲೋಟ ಹಿಡಿದು ನನ್ನ ಹತ್ತಿರ ಬಂದಳು.

"ಮೇಡಂ, ಸರ್ ನಮಗೆ ಇದನ್ನ ಹೇಳೇ ಇರ್ಲಿಲ್ಲ. ಇನ್ನೂರು ಅಡಿ, ಇನ್ನೂರು ಅಡಿ ಅಂತ ನಮ್ಮ ಪ್ರಾಣ ತಿಂತಿದ್ರು. ಇನ್ನೂರು ಅಡಿ ಎತ್ತರಕ್ಕೆ ಬಂದಾಗ ರನ್‌ವೇ ಕಾಣ್ಲಿಲ್ಲ ಅಂದ್ರೆ ಮೇಲಕ್ಕೆ ಹೋಗಿ, ಯೋಚನೇನೂ ಮಾಡ್ಬೇಡಿ ಅಂತ."

"ಹೌದಾ?"

"ಈಗ ಗೊತ್ತಾಯ್ತು, ಅದೆಲ್ಲ ಪರೀಕ್ಷೆಗೆ. ಕೈ ಚೆನ್ನಾಗಿದ್ರೆ ಇಳಿಸ್ಬಹುದು. ಸರ್ರೇ ಇಳಿಸಿದಾರಲ್ಲ."

ಅವಳು ನಗುತ್ತಾ ಗೆಳತಿಯರ ಹತ್ತಿರ ಹೋದಳು. ನನ್ನ ಚಹಾದ ಲೋಟ ಅಲ್ಲೇ ಇಟ್ಟು ಉದ್ದ ಮಾಮನನ್ನು ಹುಡುಕಿಕೊಂಡು ಹೋದೆ. ಅವರು ಅಪ್ಪನ ಮೇಜಿನ ಬಳಿ ನಿಂತಿದ್ದರು.

"ಮಾಮ, ನಾನು ತಪ್ಪು ಹೇಳಿದ್ನಾ?"

"ಕೂತ್ಕೋಮ್ಮ."

"ನಿಂತೇ ಕೇಳ್ತೀನಿ. ಹೇಳಿ."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ನೀನು ಹೇಳಿದ ಕೆಲಸ ಯಾವನಾದ್ರೂ ಪೈಲಟ್ ಮಾಡಿದ್ರೆ, ಅವನ ಲೈಸೆನ್ಸ್ ಕಿತ್ಕೊಳ್ತಾರೆ. ಕಿತ್ಕೋಬೇಕು ಕೂಡ. ಕಾಣದೇ ಇಳಿಸೋದು ಧೈರ್ಯ ಅಲ್ಲ. ಹಿಂದೆ ಕೂತಿರೋ ಜನದ ಮೇಲೆ ಜೂಜಾಡೋದು. ಮುಂದಿನ ಸಾಲಲ್ಲಿ ಕೂತಿದ್ದೋರಿಗೆಲ್ಲ ಅದು ಗೊತ್ತು."

"ಅವರೆಲ್ಲ ಅಪ್ಪನ ಬಗ್ಗೆ ಏನಂದ್ಕೊಂಡ್ರು?"

"ನಿಮ್ಮಪ್ಪನ ಬಗ್ಗೆ ಏನೂ ಅಂದ್ಕೊಂಡಿಲ್ಲ. ಅವನು ಹಾರಿಸೋದನ್ನ ನೋಡಿರೋರು ಅವರು." ಅವರು ಒಂದು ಪುಸ್ತಕ ಎಳೆದು, ಹಾಳೆ ತಿರುವಿ, ಬೆರಳಿಟ್ಟು ತೋರಿಸಿದರು. "ಆವತ್ತು ಪಕ್ಕದ ಸೀಟಲ್ಲಿ ಕೂತಿದ್ದವನು ನಾನೇ. ಎರಡು ಸಲ ಇನ್ನೂರು ಅಡಿವರೆಗೆ ಬಂದ್ವಿ. ಬಿಳೀ ಗೋಡೆ. ಎರಡು ಸಲವೂ ನಾನು ಬಾಯಿ ಬಿಡೋ ಮೊದಲೇ ಏರಿಸಿಬಿಟ್ಟ. ಬೇರೆ ಊರಲ್ಲಿ ಇಳಿದು ಎಂಜಿನ್ ನಿಲ್ಲಿಸಿದ ಮೇಲೆ ಗಡಿಯಾರ ನೋಡ್ಕೊಂಡ. 'ಈಗ ಅವಳ ಹೆಸರು ಕರೀತಿರ್ತಾರೆ' ಅಂದ. ಅಷ್ಟೇ."

ಮೂವತ್ತು ವರ್ಷ ಅಪ್ಪನಿಗೆ ಕಿರೀಟ ಹೊಲಿಯುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಜೀವಮಾನವಿಡೀ ಮಾಡದ ತಪ್ಪನ್ನು ಅವರ ಹೆಸರಿಗೆ ಹೊಲಿಯುತ್ತಿದ್ದೆ. ನಾಚಿಕೆನೇ, ಎಂದಿದ್ದರು. ನನ್ನ ನಾಚಿಕೆಯನ್ನು ತಾವೇ ಹೊತ್ತುಕೊಂಡು ಹಾಗೆ ಹೇಳಿದ್ದರು. ಡಾಕ್ಟರ ಮಗಳ ಮುಂದೆ ನಾನು ತಲೆ ತಗ್ಗಿಸಿದ ಆ ಬೆಳಿಗ್ಗೆಯೇ ಅವರು ತಲೆ ಎತ್ತಿ ನಡೆಯಬಹುದಾದ ಬೆಳಿಗ್ಗೆಯಾಗಿತ್ತು.

"ಬಿಡಮ್ಮ, ಆಗಿಹೋಯ್ತು," ಎಂದರು ಮಾಮ. "ನಾಳೆ ಪಾಠದಲ್ಲಿ ನಾವೇ ಹುಡುಗ್ರಿಗೆ ತಿಳಿಸಿ ಹೇಳ್ತೀವಿ."

ಅದು ಸುಲಭದ ದಾರಿ. ಮನಸ್ಸು ಅತ್ತ ಓಡಿತು ಎಂದು ಒಪ್ಪಿಕೊಳ್ಳಬೇಕು. ಆದರೆ ಗಂಟು ಕೂದಲಿನ ಹುಡುಗಿ ಅಲ್ಲಿ ಅಂಗೈಯನ್ನು ವಿಮಾನ ಮಾಡಿ, ಓರೆಯಾಗಿ ಕೆಳಗಿಳಿಸಿ, ಗೆಳತಿಯರಿಗೆ ಒಂದು ಗೇಣು ಅಳೆದು ತೋರಿಸುತ್ತಿದ್ದಳು. ನಾಳೆ ಇವಳು ಯಾವುದೋ ಮಂಜಿನಲ್ಲಿ ಇನ್ನೂರು ಅಡಿಗೆ ಬಂದಾಗ ನೆನಪಾಗುವುದು ಪಾಠವೋ, ಸತ್ತ ಮೇಷ್ಟ್ರ ಮಗಳು ಹೇಳಿದ ಕಥೆಯೋ?

ಪುಸ್ತಕ ಎತ್ತಿಕೊಂಡು ಮೈಕಿನ ಹತ್ತಿರ ಹೋದೆ. ಎಲ್ಲರೂ ಕೂರುವವರೆಗೆ ಕಾದೆ.

"ಆಗ ನಾನು ಹೇಳಿದ್ದು ಸುಳ್ಳು," ಎಂದೆ. "ನಮ್ಮಪ್ಪ ಆವತ್ತು ಇಳಿಸಲಿಲ್ಲ. ಇಳಿಸಲಿಲ್ಲ ಅಂತ ನನಗೆ ನಾಚಿಕೆಯಾಗಿತ್ತು, ಅದಕ್ಕೆ ಕಥೆಯಲ್ಲಿ ನಾನೇ ಇಳಿಸಿದೆ. ಹನ್ನೆರಡು ವರ್ಷದವಳು ಹೇಳಿದ್ದಾದರೆ ಕ್ಷಮಿಸಬಹುದು. ಈಗ ನಲವತ್ತೆರಡು ನನಗೆ."

ಯಾರೋ ನಗಬೇಕೋ ಬೇಡವೋ ಎಂದು ತಿಳಿಯದೆ ಕೆಮ್ಮಿದರು. ನಾನು ಗಂಟು ಕೂದಲಿನ ಹುಡುಗಿಯನ್ನು ಕರೆದು ಪುಸ್ತಕ ಅವಳ ಕೈಗೆ ಕೊಟ್ಟೆ. "ಅವರ ಅಕ್ಷರ ನಿನಗೆ ಅಭ್ಯಾಸ ಇದೆ. ಓದಮ್ಮ."

ಅವಳು ಓದಿದಳು. "ಎರಡು ಯತ್ನ. ಇನ್ನೂರು ಅಡಿಯಲ್ಲಿ ರನ್‌ವೇ ಕಾಣಲಿಲ್ಲ. ಬೇರೆ ನಿಲ್ದಾಣದಲ್ಲಿ ಇಳಿಕೆ. ನಲವತ್ತೊಂದು ಪ್ರಯಾಣಿಕರು, ಕ್ಷೇಮ." ಆಮೇಲೆ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನನ್ನ ಬೆಲೆ ಇಳಿದದ್ದು ಕಾಣಿಸಿತು. ಇಳಿಯಲಿ. ನನಗೆ ಬೇಕಿದ್ದದ್ದು ಅಪ್ಪನ ಬೆಲೆ ಸರಿಯಾದ ಜಾಗದಲ್ಲಿ ಕೂರುವುದು.

"ಇಷ್ಟೇ ನಡೆದದ್ದು," ಎಂದೆ. "ಇದನ್ನೇ ನೆನಪಿಟ್ಟುಕೊಳ್ಳಿ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮುಂದಿನ ಸಾಲಿನಲ್ಲಿ ಉದ್ದ ಮಾಮ ತಲೆ ಎತ್ತಿ ನೋಡಿದರು. ಮೈಕು ಬಿಟ್ಟು ಹೋಗಲು ತಿರುಗಿದಾಗ ಅಮ್ಮ ಕೂತಲ್ಲಿಂದಲೇ, ಮನೆಯೊಳಗೆ ಮಾತಾಡುವಷ್ಟೇ ದನಿಯಲ್ಲಿ, "ಇಸ್ತ್ರಿದೂ ಹೇಳಿಬಿಡೇ," ಎಂದಳು.

ನಾನು ಹೇಳಿದೆ. ಅಪ್ಪ ನನ್ನ ಅಂಗಡಿಗೆ ಅಂಗಿ ಇಸ್ತ್ರಿಗೆ ತಂದರೆ ಗಿರಾಕಿಗಳ ಹಿಂದೆ ಸರದಿಯಲ್ಲಿ ನಿಲ್ಲುತ್ತಿದ್ದದ್ದು, ಒಳಗೆ ಬನ್ನಿ ಎಂದರೆ ಬರದಿದ್ದದ್ದು, ತಮಗಿಂತ ಮುಂಚೆ ಬಂದ ಕಾವಲುಗಾರನ ಅಂಗಿಗೆ ನಾನು ಗುಂಡಿ ಹಾಕಿ ಮುಗಿಯುವ ತನಕ ಬಿಸಿಲಲ್ಲೇ ಕಾದದ್ದು. ಸಣ್ಣ ಕಥೆ. ಸೇರಿಸುವುದಕ್ಕೆ ಏನೂ ಇರಲಿಲ್ಲ. ಹೇಳುವಷ್ಟು ಹೊತ್ತೂ ನಾಚಿಕೆಗೆ ಕಿವಿ ಸುಡುತ್ತಲೇ ಇತ್ತು.