ಹೆದರುತ್ತಲೇ ಕೇಳಿದ ಪ್ರಶ್ನೆ

ಸಾವಾದ ಮನೆಗೆ ಹೋದರೆ ಏನು ಮಾತಾಡಬೇಕು ಅಂತ ಯಾರಿಗೆ ತಾನೇ ಗೊತ್ತು? ಊರಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ಅದನ್ನು ಕಲಿಯೋಕೆ ಅಂತಲೇ ಆಪ್ತಸಮಾಲೋಚನೆಯ ತರಬೇತಿಗೆ ಸೇರಿದ್ದಳು. ಅಲ್ಲಿ ಕಲಿಸುವ ಮೇಡಂ, ಮನೆಯವರನ್ನು ಕಳೆದುಕೊಂಡವರ ಹಾಗೆ ನಟಿಸುತ್ತಾ ಎದುರು ಕೂತರು. "ಇನ್ನು ಬದುಕಿ ಏನು ಮಾಡ್ಲಿ?" ಅಂದರು. ಟೈಲರಮ್ಮ ಗಡಬಡಿಸಿ ನೀರಿನ ಲೋಟ ಮುಂದೆ ಹಿಡಿದಳು.

"ಬಾಯಾರಿದೆ ಅಂದೆನಾ ನಾನು?" ಅಂತ ಮೇಡಂ ಕೇಳಿದಾಗ ಉಳಿದವರೆಲ್ಲ ನಕ್ಕರು. ಮೇಡಂ ನಗಲಿಲ್ಲ. ನೀರು ಕೊಟ್ಟಿದ್ದು ನಿನ್ನ ಹೆದರಿಕೆಗೆ, ಅದರಿಂದ ನೊಂದವರ ಮಾತು ಅಲ್ಲಿಗೇ ನಿಂತುಹೋಯ್ತು, ಸಾಯೋ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಬೇಕಿತ್ತು ಅಂದರು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗಲ್ವಾ ಅಂತ ಟೈಲರಮ್ಮನ ಅನುಮಾನ. ಹಾಗೇನೂ ಆಗಲ್ಲ, ಒಳಗೇ ಕೊರೀತಿದ್ದರೆ ಹೇಳಿಕೊಳ್ಳೋಕೆ ದಾರಿ ಆಗುತ್ತೆ ಅಂತ ಮೇಡಂ ಬಿಡಿಸಿ ಹೇಳಿದರು. ಟೈಲರಮ್ಮ ತಲೆಯೇನೋ ಆಡಿಸಿದಳು. ಭಯ ಮಾತ್ರ ಹೋಗಲಿಲ್ಲ.

ಮುಂದಿನ ವಾರ ಟೈಲರಮ್ಮ, ಮೇಡಂ ಇಬ್ಬರೂ ಒಬ್ಬ ಬಸ್ ಡ್ರೈವರನ ಮನೆಗೆ ಹೋದರು. ಅವನ ಹೆಂಡತಿ ತೀರಿಕೊಂಡಿದ್ದಳು. ಬಾಗಿಲಲ್ಲೇ ಅವನ ಅಕ್ಕ ತಡೆದಳು.

"ಸಾವಿನ ಮಾತು ಎತ್ತಬೇಡಿ ಅಮ್ಮಾ. ಈಗಷ್ಟೇ ಸುಧಾರಿಸಿಕೊಂಡಿದ್ದಾನೆ. ನಿನ್ನೆ ವಾಚು, ಒಳ್ಳೊಳ್ಳೇ ಅಂಗಿ ಎಲ್ಲಾ ಗೆಳೆಯರಿಗೆ ಹಂಚಿ ನಗ್ತಾ ಕೂತಿದ್ದ."

ಅದನ್ನು ಕೇಳಿ ಟೈಲರಮ್ಮನಿಗೆ ಪಾಠ ನೆನಪಾಯ್ತು. ಇದ್ದಕ್ಕಿದ್ದಂತೆ ಇಷ್ಟದ ವಸ್ತು ಹಂಚಿದರೆ ಸಾಯೋ ಯೋಚನೆ ಇರಬಹುದು, ಎಚ್ಚರ ಅಂತ ತರಬೇತಿಯಲ್ಲಿ ಹೇಳಿದ್ದರು.

ಒಳಗೆ ಹೋದಾಗ ಡ್ರೈವರ್ ನಗುನಗುತ್ತಲೇ ಕುರ್ಚಿ ತೋರಿಸಿದ. ಮೇಜಿನ ಮೇಲೆ ನೀರಿನ ಚೊಂಬಿತ್ತು. ಅವಳ ಕೈ ಅದರ ಕಡೆಗೇ ಹೋಯ್ತು ನೋಡಿ, ಹಾಳು ಅಭ್ಯಾಸ! ಕೈ ಹಿಂದಕ್ಕೆ ಎಳೆದುಕೊಂಡಳು.

"ಅಣ್ಣಾ, ಸಾಯಬೇಕು ಅಂತ ಅನ್ನಿಸ್ತಿದೆಯಾ?"

"ಬಿಡ್ತು ಅನ್ನಿ!" ಅಂತ ಅಕ್ಕ ಸಿಡುಕಿದಳು. ಡ್ರೈವರನ ನಗು ಅಳಿಸಿಹೋಯ್ತು. ಕೆಟ್ಟದ್ದೇ ಮಾಡಿಬಿಟ್ಟೆ ಅಂತ ಟೈಲರಮ್ಮನ ಜೀವ ಬಾಯಿಗೆ ಬಂತು.

"ಹೂಂ," ಅಂದ ಅವನು. "ಯಾರೂ ಕೇಳಿರಲಿಲ್ಲ."

ಆಮೇಲೆ ಗೊಳೋ ಅಂತ ಅತ್ತ. ಯಾರೂ ನೀರು ಕೊಡಲಿಲ್ಲ, ಸುಮ್ಮನಿರು ಅನ್ನಲಿಲ್ಲ. ಸಿಡುಕಿದ್ದ ಅಕ್ಕನೇ ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು. ಅವತ್ತೇ ಎಲ್ಲರೂ ಸೇರಿ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವನನ್ನು ಒಂಟಿಯಾಗಿ ಬಿಡಲ್ಲ, ಇನ್ನು ಇಂಥ ಮಾತು ಮುಚ್ಚಿಡೋದೂ ಇಲ್ಲ ಅಂತ ಅಕ್ಕನೇ ಹೇಳಿದಳು.

ನಿಮ್ಮ ಮನೇಲಿ, ಪಕ್ಕದ ಮನೇಲಿ ಯಾರಾದರೂ ಹೀಗೆ ನೊಂದಿದ್ದಾರಾ? ಹೋಗಿ ಕೂತುಕೊಳ್ಳಿ. ನೇರವಾಗಿ ಕೇಳಿ. ಹೂಂ ಅಂದರೆ ಜೊತೆಯಲ್ಲೇ ಇದ್ದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೆದರಿಕೆ ಆಗುತ್ತೆ, ಟೈಲರಮ್ಮನಿಗೂ ಆಗಿತ್ತು. ಆದರೂ ಕೇಳಿ.