ಅಧ್ಯಕ್ಷರು ತಂದ ಹಲ್ಲು

ಮೂರೂ ಸಾವುಗಳಿಗೆ ಡಾಕ್ಟರು ಹೃದಯಾಘಾತ ಎಂದೇ ಬರೆದಿದ್ದರು. ಸತ್ತ ಮೂವರೂ ಪ್ರಾಯದ ಹುಡುಗರು, ಪುರಸಭೆಯ ಮಲಗುಂಡಿಗೆ ಇಳಿದವರು. ರಾಜಧಾನಿ ಸುವಾದಿಂದ ಬಂದ ಪತ್ತೇದಾರಿ ಪೊಲೀಸ್ ಅಧಿಕಾರಿ ತರಾಯ್ವಿನಿ ವಿಚಾರಿಸಿದ್ದಕ್ಕೆ, "ಈಗಿನ ಹುಡುಗರ ಎದೆ ಗಟ್ಟಿ ಇಲ್ಲ ಮೇಡಂ" ಎಂದಿದ್ದರು. ಊರಿನ ಇನ್‌ಸ್ಪೆಕ್ಟರ್ ಓಡಾಡುತ್ತಿದ್ದ ಹೊಸ ಜೀಪು ಪುರಸಭೆ ಅಧ್ಯಕ್ಷ ಕೆಲೇಪಿ ಕೊಟ್ಟದ್ದು. ಗುಂಡಿಯೊಳಗೆ ಗಾಳಿ ಊದುವ ಯಂತ್ರ ಎಲ್ಲಿ ಹೋಯಿತು ಎಂದು ಯಾರನ್ನು ಕೇಳಿದರೂ ಸಮುದ್ರದ ಕಡೆ ನೋಡುತ್ತಿದ್ದರು.

ಇನ್ನು ಉಳಿದ ಸಾಕ್ಷಿ ಉನಾಯ್ಸಿ ಒಬ್ಬಳೇ, ಸತ್ತವರಲ್ಲಿ ಒಬ್ಬನಾದ ಸಿರೇಲಿಯ ತಾಯಿ. ಮಗನಿಗೆ ಬುತ್ತಿ ತಂದಿದ್ದ ಅವಳು, ಕೆಲೇಪಿ ಗುಂಡಿಯ ಬಾಯಲ್ಲಿ ನಿಂತು ಹುಡುಗರನ್ನು ಇಳಿಸಿದ್ದನ್ನು ಕಂಡಿದ್ದಳು. ಅವಳು ಬಾಯಿ ಬಿಡದಿದ್ದರೆ ಮೊಕದ್ದಮೆ ಅಲ್ಲಿಗೇ ಮುಗಿಯಿತು.

ಅವಳ ಹೇಳಿಕೆ ಬರೆದುಕೊಳ್ಳಲೆಂದು ತರಾಯ್ವಿನಿ ಹಳ್ಳಿಗೆ ಹೋದರೆ ಅವರ ಮನೆಯ ಅಂಗಳದಲ್ಲಿ ಅಧ್ಯಕ್ಷರ ಕಾರು ನಿಂತಿತ್ತು. ಒಳಗೆ ಚಾಪೆಯ ಮೇಲೆ ಕೆಲೇಪಿ ತಲೆ ತಗ್ಗಿಸಿ ಕೂತಿದ್ದ. ಮುಂದೆ ಹುರಿ ಕಟ್ಟಿದ ತಿಮಿಂಗಿಲದ ಹಲ್ಲು. ಸಿರೇಲಿಯ ದೊಡ್ಡಪ್ಪ, ಎಲ್ಲರೂ ಹಾಗೇ ಕರೆಯುವ ಕುಲದ ಹಿರಿಯ ವಿಲಿಯಾಮೆ ಅದನ್ನು ಕೈಗೆತ್ತಿಕೊಂಡರೆ ಕ್ಷಮಿಸಿದಂತೆ. ಆಮೇಲೆ ಈ ಮನೆಯವರು ಸೇಡನ್ನಾಗಲಿ ದೂರನ್ನಾಗಲಿ ಎತ್ತುವಂತಿಲ್ಲ.

"ಮುಟ್ಟಬೇಡಿ ದೊಡ್ಡಪ್ಪ" ಎಂದಳು ತರಾಯ್ವಿನಿ.

"ಸುವಾದಲ್ಲಿ ಚಾಪೆ ಇಲ್ವೇನಮ್ಮ, ನಿಂತ್ಕೊಂಡೇ ಮಾತಾಡ್ತೀಯಲ್ಲ?" ಎಂದ ವಿಲಿಯಾಮೆ. "ಕೂತ್ಕೋ."

ಅವಳು ಬಾಗಿಲ ಬಳಿ ಹೆಂಗಸರ ಜೊತೆ ಕೂತಳು.

"ಒಂದು ತಪ್ಪಾಗಿದೆ. ಕ್ಷಮಿಸ್ಬೇಕು" ಎಂದ ಕೆಲೇಪಿ.

"ಯಾವುದು?"

"ಅದೇ ದೊಡ್ಡಪ್ಪ, ನಿಮಗೆ ಗೊತ್ತಿರೋದೇ."

"ನಂಗೆ ಗೊತ್ತಿರೋದು ಇರ್ಲಿ. ಏನು ಅಂತ ಹೇಳ್ದೆ ನಾನು ಯಾವುದನ್ನ ಕ್ಷಮಿಸ್ಲಿ? ಟೌನಲ್ಲಿ ಇದ್ದೂ ಇದ್ದೂ ಇದೂ ಮರ್ತೋಯ್ತಾ?"

ಕೆಲೇಪಿ ಬಾಗಿಲ ಕಡೆ ನೋಡಿದ. "ಈ ಯಮ್ಮ ಹೊರಗೆ ಹೋಗ್ಲಿ."

"ನನ್ನ ಮನೆಯಿಂದ ಯಾರು ಹೋಗ್ಬೇಕು ಅಂತ ನೀನು ಹೇಳ್ತೀಯೇನಪ್ಪ?"

ಕೊನೆಗೆ ಕೆಲೇಪಿ ಚಾಪೆಗೆ ಹೇಳುವವನಂತೆ ಹೇಳಿದ: "ಗಾಳಿ ಯಂತ್ರ ಮಾರ್ಬಿಟ್ಟಿದ್ದೆ. ಹುಡುಗರು ಬೇಡ ಅಂದ್ರೂ ಕೇಳದೆ ಇಳಿಸ್ದೆ. ಡಾಕ್ಟರ ಕೈಲಿ ಸುಳ್ಳು ಬರೆಸ್ದೆ."

ಹೆಂಗಸರು ಅಳತೊಡಗಿದರು. ಉನಾಯ್ಸಿ ಅಳಲಿಲ್ಲ. ವಿಲಿಯಾಮೆ ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

ತರಾಯ್ವಿನಿಗೆ ರೇಗಿಹೋಯಿತು. "ಮೂರು ಜೀವಕ್ಕೆ ಒಂದು ಹಲ್ಲು. ಮುಗೀತಲ್ಲ?"

"ನಮಗೆ ಮುಗೀತು" ಎಂದ ವಿಲಿಯಾಮೆ. "ಇವನ ಮೇಲೆ ಕೈ ಮಾಡಲ್ಲ. ದೂರೂ ಕೊಡಲ್ಲ."

ಅವಳು ಉನಾಯ್ಸಿಯ ಕಡೆ ತಿರುಗಿದಳು. "ಅಮ್ಮಾ, ನೀವಾದ್ರೂ ಹೇಳಿ."

"ಇನ್ನೇನು ಹೇಳ್ಲಿ?" ಎಂದಳು ಉನಾಯ್ಸಿ. "ದೂರು ಇಲ್ಲ. ಆದ್ರೆ ಅವನು ಈಗ ಹೇಳಿದ್ದನ್ನ ಹೇಳ್ಲೇ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಯಾರು ಕೇಳಿದ್ರೂ ಅಷ್ಟೇ. ನೀನೂ ಕೇಳ್ದೆಯಲ್ಲ, ಕಿವಿ ಇಲ್ವಾ ನಿಂಗೆ? ಬರ್ಕೋ, ನಾನು ರುಜು ಹಾಕ್ತೀನಿ."

ಕೆಲೇಪಿ ಧಡಕ್ಕನೆ ಎದ್ದ.

"ಎಲ್ಲಿಗೆ?" ಎಂದ ವಿಲಿಯಾಮೆ. "ರಾಜಿಗೆ ಕುಡಿಯೋ ಕಾವಾ ಈಗ ಕಲಸ್ತಿದಾರೆ. ಕ್ಷಮೆ ಕೇಳಿ ಕುಡೀದೆ ಎದ್ದು ಹೋದ್ರೆ ಕ್ಷಮೆ ನಿಲ್ಲಲ್ಲ. ಹೊರಗೆ ಸಿರೇಲಿ ತಮ್ಮಂದಿರು ಇದಾರೆ, ನೋಡ್ಕೋ."

ಕೆಲೇಪಿ ಕೂತ. ಕಾವಾ ತುಂಬಿದ ತೆಂಗಿನ ಚಿಪ್ಪು ಮೊದಲು ಅವನ ಕೈಗೆ ಬಂತು. ತರಾಯ್ವಿನಿ ಪೆನ್ನು ತೆಗೆದು, ಉನಾಯ್ಸಿಯ ಪೂರ್ತಿ ಹೆಸರು ಕೇಳಿದಳು.